ಜಾಗ ಬದಲಾದರೂ ಓದಿದ್ದು ನೆನಪಿರಬೇಕಾದರೆ

ಮನೆಯ ಮೇಜಿನ ಮುಂದೆ ಸರಾಗವಾಗಿ ಬರುವ ಉತ್ತರ ಪರೀಕ್ಷಾ ಕೊಠಡಿಯಲ್ಲಿ ನಾಲಿಗೆಯ ತುದಿಗೆ ಬಂದು ನಿಂತುಬಿಡುವುದುಂಟು. ಓದುವಾಗ ಪಾಠದೊಂದಿಗೆ ಕೋಣೆಯ ಬೆಳಕು, ಸದ್ದು, ಪುಟದಲ್ಲಿ ಆ ಸಾಲು ಇದ್ದ ಜಾಗ ಎಲ್ಲವೂ ಮನಸ್ಸಿಗೆ ಅಂಟಿಕೊಳ್ಳುತ್ತವೆ. ಮುಂದೆ ಅವೇ ಸುಳಿವುಗಳಾಗುತ್ತವೆ. ಸುಳಿವು ತಪ್ಪಿದರೆ, ಗೊತ್ತಿದ್ದ ವಿಷಯವೂ ಬೇಕಾದಾಗ ಕೈಗೆ ಸಿಗುವುದಿಲ್ಲ.

1975ರಲ್ಲಿ ಮನಶ್ಶಾಸ್ತ್ರಜ್ಞರಾದ ಗಾಡನ್ ಮತ್ತು ಬ್ಯಾಡ್ಲಿ ಮುಳುಗುಗಾರರಿಗೆ 36 ಪದಗಳ ಪಟ್ಟಿ ಕಲಿಸಿದರು. ದಡದಲ್ಲಿ ಕಲಿತು ದಡದಲ್ಲೇ ನೆನಪಿಸಿಕೊಂಡಾಗ ಸರಾಸರಿ 13.5 ಪದ ಬಂದವು. ನೀರಿನೊಳಗೆ ಹೋಗಿ ನೆನಪಿಸಿಕೊಂಡಾಗ 8.6. ಪದಗಳನ್ನು ತೋರಿಸಿ, ಕಲಿತವನ್ನು ಗುರುತಿಸಲು ಹೇಳಿದ ಅವರದೇ 1980ರ ಪ್ರಯೋಗದಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಆಯ್ಕೆ ಕೊಟ್ಟ ಪ್ರಶ್ನೆಗಳಿಗಿಂತ, ಸ್ವಂತವಾಗಿ ನೆನೆದು ಬರೆಯಬೇಕಾದ ಉತ್ತರಗಳಲ್ಲೇ ಜಾಗದ ತೊಂದರೆ ಹೆಚ್ಚು. ಮೂಲ ಪ್ರಯೋಗವನ್ನು ಮತ್ತೆ ಮಾಡಿ 2021ರಲ್ಲಿ ಪ್ರಕಟಿಸಿದಾಗ ಅದೇ ಫಲಿತಾಂಶ ಸಿಗಲಿಲ್ಲ. ಆದ್ದರಿಂದ ಪರೀಕ್ಷಾ ಕೊಠಡಿಯನ್ನೇ ಹುಡುಕಿಕೊಂಡು ಹೋಗಿ ಓದುವ ಅಗತ್ಯವಿಲ್ಲ. ನೆನಪು ಒಂದೇ ಜಾಗಕ್ಕೆ ಅಂಟದಂತೆ ನೋಡಿಕೊಳ್ಳುವುದೇ ಮೇಲು.

ಹೊಸ ಪಾಠವನ್ನು ಮೊದಲ ಸಲ ಒಂದೇ ಶಾಂತ ಜಾಗದಲ್ಲಿ ಕೂತು ಪೂರ್ತಿ ಅರ್ಥಮಾಡಿಕೊಳ್ಳಿ. ಪುನರಾವರ್ತನೆಯನ್ನು ಬೇರೆ ಬೇರೆ ದಿನ, ಎರಡು ಮೂರು ಬೇರೆ ಜಾಗಗಳಲ್ಲಿ ಮಾಡಿ. 1978ರಲ್ಲಿ ಸ್ಮಿತ್, ಗ್ಲೆನ್‌ಬರ್ಗ್ ಮತ್ತು ಬ್ಯೋರ್ಕ್ ನಡೆಸಿದ ಪ್ರಯೋಗದಲ್ಲಿ, ಒಂದೇ ಪಟ್ಟಿಯನ್ನು ಎರಡು ಕೋಣೆಗಳಲ್ಲಿ ಓದಿದವರು ಒಂದೇ ಕೋಣೆಯಲ್ಲಿ ಎರಡು ಸಲ ಓದಿದವರಿಗಿಂತ ಹೆಚ್ಚು ಪದ ನೆನಪಿಸಿಕೊಂಡರು. ಆದರೆ ಒಂದೇ ಸಲದ ಓದಿನ ನಡುವೆ ಹತ್ತು ನಿಮಿಷಕ್ಕೊಮ್ಮೆ ಎದ್ದು ಜಾಗ ಬದಲಿಸಬೇಡಿ. ಗಮನ ಕದಡುವುದೇ ಲಾಭವಾಗುತ್ತದೆ, ಅಷ್ಟೇ.

ಪುನರಾವರ್ತನೆ ಎಂದರೆ ಮತ್ತೆ ಓದುವುದಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ತೆರೆದ ಪುಟ ತಾನೇ ಸುಳಿವು ಕೊಡುತ್ತಿರುವಾಗ ಎಲ್ಲವೂ ಗೊತ್ತಿದೆ ಅನ್ನಿಸುತ್ತದೆ. ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ಹತ್ತು ನಿಮಿಷ ನೆನಪಿದ್ದಷ್ಟು ಬರೆಯಿರಿ. ಆಮೇಲೆ ಪುಸ್ತಕ ತೆರೆದು, ಬಿಟ್ಟದ್ದನ್ನು ಬೇರೆ ಬಣ್ಣದ ಪೆನ್ನಿನಲ್ಲಿ ತುಂಬಿಸಿ. ಮುಂದಿನ ಸಲ ಆ ಬಣ್ಣದ ಭಾಗದಿಂದಲೇ ಶುರುಮಾಡಿ.

ಪಾಠಗಳ ಕ್ರಮವೂ ಒಂದು ಸುಳಿವು ಎಂಬುದನ್ನು ಮರೆಯುವವರೇ ಬಹಳ. ಪ್ರತಿ ಸಲ ಒಂದನೇ ಪ್ರಶ್ನೆಯಿಂದ ಹೊರಟರೆ, ಎರಡನೆಯದರ ಉತ್ತರ ಮೊದಲನೆಯದರ ಬೆನ್ನಿಗೇ ಬರುತ್ತದೆ. ಒಂಟಿಯಾಗಿ ಕೇಳಿದರೆ ಬರುವುದಿಲ್ಲ. ಪ್ರಶ್ನೆಗಳನ್ನು ಚೀಟಿಗಳಲ್ಲಿ ಬರೆದು ಪ್ರತಿ ಸಲವೂ ಕಲಸಿ ಎತ್ತಿಕೊಳ್ಳಿ. ಹಾಡು ಹಾಕಿಕೊಂಡು ಓದುವ ಅಭ್ಯಾಸವಿದ್ದರೆ ಕೊನೆಯ ಪುನರಾವರ್ತನೆಗಳನ್ನಾದರೂ ನಿಶ್ಶಬ್ದದಲ್ಲಿ ಮಾಡಿ, ಪರೀಕ್ಷೆ ನಡೆಯುವುದು ನಿಶ್ಶಬ್ದದಲ್ಲೇ.

ಪರೀಕ್ಷೆಯಲ್ಲಿ ಉತ್ತರ ಸಿಗದಿದ್ದರೆ ಪೆನ್ನು ಕೆಳಗಿಟ್ಟು, ಅದನ್ನು ಓದಿದ ಕೋಣೆಯನ್ನು ಮನಸ್ಸಿಗೆ ತಂದುಕೊಳ್ಳಿ: ಎಲ್ಲಿ ಕೂತಿದ್ದಿರಿ, ಎದುರಿಗೆ ಏನಿತ್ತು, ಆ ಪುಟದಲ್ಲಿ ಯಾವ ಚಿತ್ರವಿತ್ತು. ಹೀಗೆ ಕಲ್ಪಿಸಿಕೊಂಡವರು ಅದೇ ಕೋಣೆಗೆ ಮರಳಿದವರಷ್ಟೇ ಚೆನ್ನಾಗಿ ನೆನಪಿಸಿಕೊಳ್ಳಬಲ್ಲರು ಎಂದು ಸ್ಮಿತ್ 1979ರಲ್ಲಿ ತೋರಿಸಿದ್ದಾರೆ. ಒಂದು ನಿಮಿಷದಲ್ಲಿ ಹೊಳೆಯದಿದ್ದರೆ ಹಾಳೆಯಲ್ಲಿ ಆ ಉತ್ತರಕ್ಕೆ ಜಾಗ ಬಿಟ್ಟು ಮುಂದಿನ ಪ್ರಶ್ನೆಗೆ ಹೋಗಿ. ಅದನ್ನು ಬರೆಯುವಾಗ ಇದಕ್ಕೂ ಸುಳಿವು ಸಿಗಬಹುದು.

ಭಾಷಣದಂತೆ, ಎಲ್ಲಿ ನಡೆಯುತ್ತದೆಂದು ಮೊದಲೇ ಖಚಿತವಾಗಿ ಗೊತ್ತಿರುವ ಕೆಲಸವಾದರೆ ಮಾತ್ರ ಲೆಕ್ಕ ಬೇರೆ. ಒಮ್ಮೆಯಾದರೂ ಅದೇ ವೇದಿಕೆಯ ಮೇಲೆ, ಅದೇ ಮೈಕಿನ ಮುಂದೆ, ನಿಂತುಕೊಂಡೇ ಪೂರ್ತಿ ಅಭ್ಯಾಸ ಮಾಡಿ.