ವಿಜ್ಞಾನದ ಇತಿಹಾಸ ಬರೆಯಲು ಹೊರಟವರಿಗೆ

ಕೆಲಸ ಬಿಟ್ಟು ಬರೆಯಲು ಕೂರಬೇಡಿ. ನಾನು ಮುಂಬೈನ ಮಾಟುಂಗಾದಲ್ಲಿದ್ದುಕೊಂಡು, ಬ್ಯಾಂಕ್ ಕೆಲಸದ ಜೊತೆಗೇ 12 ವರ್ಷ ಬರೆದೆ. ಸಂಬಳ ಬರುತ್ತಿದ್ದರೆ ಒಂದೇ ಲೇಖನಕ್ಕೆ ಮೂರು ತಿಂಗಳು ಕೊಡಬಹುದು, ಅಲ್ವಾ?

ದೊಡ್ಡ ವಿಷಯ ಬೇಡ. ಒಂದು ದಿನ, ಒಂದು ಕೋಣೆ ಸಾಕು. 1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಬೈಕಲಾದ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ವಾಲ್ಡೆಮಾರ್ ಹಾಫ್ಕಿನ್ ಎಂಬ ವಿಜ್ಞಾನಿ ಅದಕ್ಕೆ ಲಸಿಕೆ ಮಾಡಲು ಕೂತರು. ಮಾಂಸದ ಸಾರಿನ ಮೇಲೆ ತುಪ್ಪದ ಹನಿ ತೇಲಿಬಿಟ್ಟರು. ಬ್ಯಾಕ್ಟೀರಿಯಾ ಆ ಹನಿಗಳಿಗೆ ಅಂಟಿಕೊಂಡು, ಆಲದ ಬಿಳಲಿನ ಹಾಗೆ ಕೆಳಕ್ಕೆ ಇಳಿದು ಬೆಳೆದವು. ಅವನ್ನು ಕಾಯಿಸಿ ಕೊಂದು, 1897ರ ಜನವರಿ 10ರಂದು ಆ ಲಸಿಕೆಯನ್ನು ಮೊದಲು ತಾವೇ ಚುಚ್ಚಿಕೊಂಡರು. ಆ ತುಪ್ಪದ ಹನಿಯ ವಿಷಯ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಇಂಥದ್ದು ಸಿಗುವ ತನಕ ಸುಮ್ನೆ ಓದುತ್ತಿರಿ.

ಇಸವಿಗಳನ್ನು ಎರಡು ಕಡೆ ನೋಡಿ. ಇದೆಲ್ಲ ಮುಂಬೈನ ಇನ್ನೊಂದು ಕಡೆ, ಪರೇಲಿನಲ್ಲಿ ನಡೆಯಿತು ಎಂದು ನಾನು ಮೊದಲು ಬರೆದಿದ್ದೆ. ಹಾಫ್ಕಿನ್ ಅವರ ಪ್ರಯೋಗಶಾಲೆ ಅಲ್ಲಿಗೆ ಹೋಗಿದ್ದು 1899ರಲ್ಲಿ. ಅಚ್ಚಾದ ಮೇಲೆ ಗೊತ್ತಾಯಿತು, ತುಂಬಾ ಬೇಜಾರಾಯಿತು.

ಕಳಿಸುವ ಮುಂಚೆ ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಿ. ನಮ್ಮತ್ತೆ "ಹಾಗಂದ್ರೇನು?" ಅಂದ ಕಡೆಯೆಲ್ಲ ನಾನು ಮತ್ತೆ ಬರೆಯುತ್ತೇನೆ.