ಬಾಗಿದ ಬೆಳಕಿನಿಂದ ಡಾರ್ಕ್ ಮ್ಯಾಟರ್ ನಕ್ಷೆ ಬಿಡಿಸುವುದು ಹೇಗೆ?

ನವೆಂಬರ್ ಕೊನೆಯಲ್ಲಿ, ರಾತ್ರಿ ಹತ್ತರ ಹೊತ್ತಿಗೆ, ವಿಜಯಪುರದ ಹೊರಗಿನ ಯಾವುದಾದರೂ ಬಿಳಿಜೋಳದ ಹೊಲದ ಬದುವಿನಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿ. ನೆತ್ತಿಗಿಂತ ಸ್ವಲ್ಪ ಕೆಳಗೆ ತಿಮಿಂಗಿಲ ನಕ್ಷತ್ರಪುಂಜವಿದೆ. ಅಲ್ಲಿ ಬರಿಗಣ್ಣಿಗೆ ಏನೂ ಕಾಣದ ಒಂದು ಜಾಗದಲ್ಲಿ ಅಬೆಲ್ 370 ಎಂಬ ಗ್ಯಾಲಕ್ಸಿ ಗುಂಪಿದೆ. ಅಲ್ಲಿಂದ ಹೊರಟ ಬೆಳಕು ನಮ್ಮನ್ನು ಮುಟ್ಟಲು ಸುಮಾರು 400 ಕೋಟಿ ವರ್ಷ ಹಿಡಿದಿದೆ. ಇಂಥ ದೊಡ್ಡ ಗುಂಪುಗಳ ತೂಕದಲ್ಲಿ ನಕ್ಷತ್ರಗಳ ಪಾಲು ನೂರಕ್ಕೆ ಬರೀ ಎರಡು ಮೂರು. ಗ್ಯಾಲಕ್ಸಿಗಳ ನಡುವೆ ತುಂಬಿರುವ ಬಿಸಿ ಅನಿಲ ಹತ್ತು-ಹದಿನೈದು. ಉಳಿದದ್ದೆಲ್ಲ ಡಾರ್ಕ್ ಮ್ಯಾಟರ್.

ಅದು ಬೆಳಕು ಬಿಡುವುದಿಲ್ಲ, ಬೆಳಕನ್ನು ತಡೆಯುವುದೂ ಇಲ್ಲ. ಆದರೆ ಅದಕ್ಕೆ ತೂಕವಿದೆ, ತೂಕವಿದ್ದಲ್ಲಿ ಬೆಳಕು ಬಾಗುತ್ತದೆ. ಐನ್‌ಸ್ಟೈನ್ 1915ರಲ್ಲಿ ಕೊಟ್ಟ ಸಿದ್ಧಾಂತ ಹೇಳುವುದು ಇದನ್ನೇ. 1919ರ ಗ್ರಹಣದ ಹೊತ್ತಿನಲ್ಲಿ ಸೂರ್ಯನ ಪಕ್ಕದ ನಕ್ಷತ್ರಗಳನ್ನು ಅಳೆದು ಎಡಿಂಗ್ಟನ್ ತಂಡ ಅದನ್ನು ಪರೀಕ್ಷಿಸಿತು. ಗ್ಯಾಲಕ್ಸಿಗಳೂ ಹೀಗೆ ಲೆನ್ಸ್ ಆಗಬಲ್ಲವು ಎಂದು 1937ರಲ್ಲಿ ಬರೆದವರು ಫ್ರಿಟ್ಜ್ ಜ್ವಿಕಿ. ಗ್ಯಾಲಕ್ಸಿ ಗುಂಪಿನಲ್ಲಿ ಕಾಣುವುದಕ್ಕಿಂತ ಬಹಳ ಜಾಸ್ತಿ ತೂಕ ಇರಬೇಕು ಎಂದು 1933ರಲ್ಲೇ ಲೆಕ್ಕ ಹಾಕಿದ್ದವರೂ ಅವರೇ.

ಹೀಗೆ ಬಾಗಿದ ಬೆಳಕನ್ನು ಅಳೆದು ಡಾರ್ಕ್ ಮ್ಯಾಟರ್ ಎಲ್ಲೆಲ್ಲಿ ಎಷ್ಟಿದೆ ಎಂದು ನಕ್ಷೆ ಬಿಡಿಸಬಹುದು. ಈ ಕೆಲಸಕ್ಕೆ ಸ್ವಂತ ದೂರದರ್ಶಕ ಬೇಕಿಲ್ಲ. ಹಬಲ್ ಬಾಹ್ಯಾಕಾಶ ದೂರದರ್ಶಕ ತೆಗೆದ ಚಿತ್ರಗಳು ಎಲ್ಲರಿಗೂ ಉಚಿತ. ಬಾಗಲಕೋಟೆಯ ಬಿ.ಎಸ್ಸಿ. ವಿದ್ಯಾರ್ಥಿಯೂ ಕಾಲೇಜಿನ ಕಂಪ್ಯೂಟರ್ ಮುಂದೆ ಕೂತು ಇದರ ಬಹುಪಾಲು ಮಾಡಬಹುದು.

ಮೊದಲು ಕಣ್ಣನ್ನು ಪಳಗಿಸಿಕೊಳ್ಳಿ

ಫಾಲೂದಾ ಕೊಡುತ್ತಾರಲ್ಲ, ಆ ಕಾಲಿರುವ ಗಾಜಿನ ಲೋಟ ತಗೊಳ್ಳಿ. ಅದರ ಪಾದ ನಡುವೆ ದಪ್ಪ, ಅಂಚಿಗೆ ಹೋದಂತೆ ತೆಳು ಇರಬೇಕು. ಗ್ಯಾಲಕ್ಸಿ ಗುಂಪು ಬೆಳಕನ್ನು ಬಾಗಿಸುವಂತೆಯೇ ಈ ಪಾದವೂ ಬಾಗಿಸುತ್ತದೆ. ಬಿಳಿ ಹಾಳೆಯ ಮೇಲೆ ಪೆನ್ನಿನಲ್ಲಿ ಒಂದು ಚುಕ್ಕಿ ಇಟ್ಟು, ಖಾಲಿ ಲೋಟವನ್ನು ಅದರ ಮೇಲಿಟ್ಟು, ಬಾಯಿಯ ಮೂಲಕ ಕೆಳಗೆ ನೋಡಿ. ಚುಕ್ಕಿ ಸರಿಯಾಗಿ ನಡುವೆ ಬಂದಾಗ ಬಳೆಯಂತೆ ಹರಡುತ್ತದೆ. ಲೋಟವನ್ನು ಕೂದಲೆಳೆಯಷ್ಟು ಸರಿಸಿದರೆ ಬಳೆ ಒಡೆದು ಒಂದು ಕಡೆ ಉದ್ದನೆಯ ಕಮಾನು, ಎದುರು ಕಡೆ ಚಿಕ್ಕದೊಂದು ಗುರುತು ಆಗುತ್ತದೆ. ಇನ್ನೂ ಸರಿಸಿದರೆ ಕಮಾನು ಹೋಗಿ, ಚುಕ್ಕಿ ಸ್ವಲ್ಪ ಹಿಗ್ಗಿದಂತೆ ಮಾತ್ರ ಕಾಣುತ್ತದೆ. ಈ ಮೂರನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದೆ ಹುಡುಕಬೇಕಾದದ್ದು ಇವನ್ನೇ.

ಗುಂಪಿನವರು ಯಾರು, ಹಿಂದಿನವರು ಯಾರು?

ಅಬೆಲ್ 370ರ ಹಬಲ್ ಚಿತ್ರ ಇಳಿಸಿಕೊಂಡು ಡಿಎಸ್9 ಎಂಬ ಉಚಿತ ತಂತ್ರಾಂಶದಲ್ಲಿ ತೆರೆಯಿರಿ. ಗುಂಪಿಗೆ ಸೇರಿದ ದೊಡ್ಡ ಗ್ಯಾಲಕ್ಸಿಗಳು ಹಳದಿ-ಕೆಂಪು ಛಾಯೆಯಲ್ಲಿ, ಹೆಚ್ಚು ಕಡಿಮೆ ಒಂದೇ ಬಣ್ಣದಲ್ಲಿರುತ್ತವೆ. ಹಿಂದಿರುವ ದೂರದ ಗ್ಯಾಲಕ್ಸಿಗಳು ಬಹಳ ಸಲ ನೀಲಿ. ಬಣ್ಣ ನೋಡಿ ಬೇರೆ ಮಾಡುವುದು ಮೊದಲ ಜರಡಿ ಅಷ್ಟೆ. ಖಚಿತ ದೂರಕ್ಕೆ, ಬೆಳಕು ಕೆಂಪಿನ ಕಡೆಗೆ ಎಷ್ಟು ಸರಿದಿದೆ ಎಂಬ ಅಳತೆ (ಜಾಸ್ತಿ ಸರಿದಷ್ಟೂ ದೂರ), ಅಂದರೆ ರೆಡ್‌ಶಿಫ್ಟ್ ಬೇಕು. ಅಬೆಲ್ 370ರ ರೆಡ್‌ಶಿಫ್ಟ್ 0.375. ಅದರೊಳಗಿನ ಪ್ರಸಿದ್ಧ ದೊಡ್ಡ ಕಮಾನಿನದು 0.725, ಅಂದರೆ ಅದು ಗುಂಪಿಗಿಂತ ತುಂಬಾ ಹಿಂದಿರುವ ಗ್ಯಾಲಕ್ಸಿ. 1980ರ ದಶಕದ ಕೊನೆಯಲ್ಲಿ ಈ ಅಳತೆ ಸಿಕ್ಕ ಮೇಲೆಯೇ ಕಮಾನು ಲೆನ್ಸಿನಿಂದ ಆದದ್ದು ಎಂದು ಗಟ್ಟಿಯಾಯಿತು.

ಈ ಹಂತದಲ್ಲಿ ಅವಸರ ಮಾಡಬೇಡಿ. ಗುಂಪಿನ ಗ್ಯಾಲಕ್ಸಿಯನ್ನು ಹಿಂದಿನದೆಂದು ಎಣಿಸಿದರೆ ಬಾಗು ಕಡಿಮೆ ಸಿಗುತ್ತದೆ, ತೂಕವೂ ಕಡಿಮೆ ಬರುತ್ತದೆ.

ಕಮಾನು ಅಳೆಯಿರಿ, ನಡುವಿನ ತೂಕ ಹಿಡಿಯಿರಿ

ಕಮಾನಿನ ಮೇಲೆ ಹೊಂದುವಂತೆ ಒಂದು ವೃತ್ತ ಎಳೆದು ಅದರ ತ್ರಿಜ್ಯ ನೋಡಿ. ದೊಡ್ಡ ಗುಂಪುಗಳಲ್ಲಿ ಇದು 30 ಆರ್ಕ್‌ಸೆಕೆಂಡಿನ ಆಸುಪಾಸು. ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲು ಒಂದು ಆರ್ಕ್‌ಸೆಕೆಂಡ್. ಎಷ್ಟು ಚಿಕ್ಕದು ಗೊತ್ತೇ? ಬಾಗಲಕೋಟೆಯಲ್ಲಿ ನಿಂತು, ನೇರ ದಾರಿಯಲ್ಲಿ 70 ಕಿಲೋಮೀಟರ್ ಆಚೆಯ ಗೋಳಗುಮ್ಮಟವನ್ನು ನೋಡಲು ಆಗುವಂತಿದ್ದರೆ, ಆ 44 ಮೀಟರ್ ಅಗಲದ ಗುಮ್ಮಟದ ಕಾಲು ಭಾಗ ಅಷ್ಟು ಕಾಣುತ್ತಿತ್ತು.

ತ್ರಿಜ್ಯದ ವರ್ಗಕ್ಕೆ ತಕ್ಕಂತೆ ವೃತ್ತದೊಳಗಿನ ತೂಕ ಏರುತ್ತದೆ. ತ್ರಿಜ್ಯ ಎರಡು ಪಟ್ಟಾದರೆ ತೂಕ ನಾಲ್ಕು ಪಟ್ಟು. ಇದರ ಜೊತೆ ನಮ್ಮಿಂದ ಗುಂಪಿಗೆ, ನಮ್ಮಿಂದ ಹಿಂದಿನ ಗ್ಯಾಲಕ್ಸಿಗೆ, ಅವೆರಡರ ನಡುವೆ ಇರುವ ಮೂರು ದೂರಗಳು ಲೆಕ್ಕಕ್ಕೆ ಬರುತ್ತವೆ. ಮೇಲಿನ ರೆಡ್‌ಶಿಫ್ಟ್‌ಗಳನ್ನು ಇಟ್ಟು 30 ಆರ್ಕ್‌ಸೆಕೆಂಡಿಗೆ ಲೆಕ್ಕ ಮಾಡಿದರೆ ಸುಮಾರು 300 ಲಕ್ಷ ಕೋಟಿ ಸೂರ್ಯರ ತೂಕ ಬರುತ್ತದೆ. ಗುಂಪು ಪೂರ್ತಿ ದುಂಡಗಿದೆ ಎಂದು ಹಿಡಿದ ಒರಟು ಲೆಕ್ಕ ಇದು, ನಿಜ. ಆದರೂ ಕೆಲವೇ ಅಳತೆ, ಒಂದು ಸೂತ್ರ ಸಾಕಾಯಿತಲ್ಲ ಎಂದು ನನಗೆ ಪ್ರತಿ ಸಲವೂ ಖುಷಿಯಾಗುತ್ತದೆ.

ನಿಜವಾದ ನಕ್ಷೆಗೆ ಒಂದು ಕಮಾನು ಸಾಲದು. ಒಂದೇ ಗ್ಯಾಲಕ್ಸಿ ಎರಡು, ಮೂರು ಕಡೆ ಕಾಣಿಸಿಕೊಂಡಿರುತ್ತದೆ. ಅಂಥ ಜೋಡಿಗಳನ್ನು ಬಣ್ಣ, ಆಕಾರ, ರೆಡ್‌ಶಿಫ್ಟ್ ನೋಡಿ ಗುರುತಿಸಬೇಕು. ಆಮೇಲೆ ತೂಕದ ಒಂದೊಂದು ಹಂಚಿಕೆಯನ್ನು ಕಂಪ್ಯೂಟರಿಗೆ ಕೊಟ್ಟು, ಯಾವ ಹಂಚಿಕೆಯಲ್ಲಿ ಎಲ್ಲ ಜೋಡಿಗಳೂ ಕಂಡ ಜಾಗದಲ್ಲೇ ಬೀಳುತ್ತವೆ ಎಂದು ನೋಡಬೇಕು. ಲೆನ್ಸ್‌ಟೂಲ್ ಎಂಬ ತಂತ್ರಾಂಶ ಇದಕ್ಕೇ ಇದೆ.

ಅಂಚಿನಲ್ಲಿ ಸರಾಸರಿಯೇ ಗತಿ

ನಡುವಿನಿಂದ ದೂರ ಹೋದಂತೆ ಕಮಾನು ಸಿಗುವುದಿಲ್ಲ. ಅಲ್ಲಿ ಹಿಂದಿನ ಪ್ರತಿ ಗ್ಯಾಲಕ್ಸಿಯೂ ಒಂದಿಷ್ಟೇ, ನೂರಕ್ಕೆ ಕೆಲವು ಪಾಲು ಮಾತ್ರ, ಹಿಗ್ಗಿರುತ್ತದೆ. ತೊಂದರೆ ಏನೆಂದರೆ ಗ್ಯಾಲಕ್ಸಿಗಳು ಹುಟ್ಟಿನಿಂದಲೇ ಉದ್ದುದ್ದ ಇರುತ್ತವೆ. ಆ ಸ್ವಂತ ಉದ್ದ ನೂರಕ್ಕೆ ಸುಮಾರು 30 ಪಾಲು, ಲೆನ್ಸಿನದು ಅದರ ಮುಂದೆ ಏನೂ ಅಲ್ಲ. ಒಂದು ಗ್ಯಾಲಕ್ಸಿ ನೋಡಿ ಹೇಳಲು ಆಗುವುದೇ ಇಲ್ಲ.

ಆದರೆ ಸ್ವಂತ ಉದ್ದ ಒಂದೊಂದರದು ಒಂದೊಂದು ದಿಕ್ಕಿಗೆ. ಲೆನ್ಸ್ ಎಳೆಯುವುದು ಮಾತ್ರ ಒಂದೇ ಕ್ರಮದಲ್ಲಿ, ಗುಂಪಿನ ನಡುವನ್ನು ಸುತ್ತುವ ದಿಕ್ಕಿಗೆ. ಹಾಗಾಗಿ ಅಕ್ಕಪಕ್ಕದ 100 ಗ್ಯಾಲಕ್ಸಿಗಳ ಸರಾಸರಿ ತೆಗೆದರೆ ಸ್ವಂತ ಉದ್ದದ ಗದ್ದಲ 30ರಿಂದ 3 ಪಾಲಿಗೆ ಇಳಿಯುತ್ತದೆ. 900 ತೆಗೆದರೆ 1ಕ್ಕೆ. ಆಗ ಲೆನ್ಸಿನ ಗುರುತು ಮೇಲೆದ್ದು ಕಾಣುತ್ತದೆ. ಈ ಸರಾಸರಿ ಹಿಗ್ಗುವಿಕೆಯಿಂದ ನೇರವಾಗಿ ತೂಕದ ನಕ್ಷೆ ತೆಗೆಯುವ ವಿಧಾನವನ್ನು ಕೈಸರ್ ಮತ್ತು ಸ್ಕ್ವೈರ್ಸ್ 1993ರಲ್ಲಿ ಕೊಟ್ಟರು. ಇಂದಿಗೂ ಕಲಿಯಲು ಶುರು ಮಾಡುವುದು ಅಲ್ಲಿಂದಲೇ.

ಇದಕ್ಕೆ ಮುಂಚೆ ಒಂದು ಕೆಲಸ ತಪ್ಪಿಸುವಂತಿಲ್ಲ. ದೂರದರ್ಶಕವೂ, ನೆಲದ ಮೇಲಿದ್ದರೆ ಗಾಳಿಯೂ, ಆಕಾರವನ್ನು ಕೆಡಿಸುತ್ತವೆ. ಚಿತ್ರದಲ್ಲಿರುವ ನಮ್ಮದೇ ಗ್ಯಾಲಕ್ಸಿಯ ನಕ್ಷತ್ರಗಳು ಬರೀ ಬಿಂದುಗಳಾಗಿ ಕಾಣಬೇಕಿತ್ತು. ಅವು ಎಷ್ಟು, ಯಾವ ಕಡೆಗೆ ಹಿಗ್ಗಿವೆ ಎಂದು ಅಳೆದು, ಅಷ್ಟನ್ನು ಗ್ಯಾಲಕ್ಸಿಗಳ ಆಕಾರದಿಂದ ಕಳೆಯಬೇಕು. ಇದು ಬೇಸರದ ಕೆಲಸ. ಆದರೆ ನಕ್ಷೆ ನಂಬಿಕೆಗೆ ಅರ್ಹವೋ ಅಲ್ಲವೋ ಎಂಬುದು ಬಹುತೇಕ ಇಲ್ಲೇ ತೀರ್ಮಾನವಾಗುತ್ತದೆ.

ಅನಿಲದ ಚಿತ್ರ ಮೇಲಿಟ್ಟು ನೋಡಿ

ಬಂದ ನಕ್ಷೆಯ ಮೇಲೆ ಎಕ್ಸ್-ರೇ ಚಿತ್ರ ಇಡಿ. ಬಿಸಿ ಅನಿಲ ಎಲ್ಲಿದೆ ಎಂದು ಚಂದ್ರಾ ಎಂಬ ಎಕ್ಸ್-ರೇ ದೂರದರ್ಶಕ ತೋರಿಸುತ್ತದೆ. ಬುಲೆಟ್ ಕ್ಲಸ್ಟರ್‌ನಲ್ಲಿ ಎರಡು ಗುಂಪುಗಳು ಡಿಕ್ಕಿ ಹೊಡೆದು ದಾಟಿ ಹೋಗಿವೆ. ಅನಿಲ ಅನಿಲಕ್ಕೆ ತಾಗಿ ನಡುವೆ ಹಿಂದುಳಿಯಿತು. ತೂಕದ ನಕ್ಷೆಯ ಶಿಖರಗಳು ಮಾತ್ರ ಗ್ಯಾಲಕ್ಸಿಗಳ ಜೊತೆ ಮುಂದೆ ಹೋಗಿವೆ. ಕಾಣುವ ವಸ್ತುವಿನ ದೊಡ್ಡ ಪಾಲು ಅನಿಲವೇ ಆಗಿರುವಾಗ, ತೂಕ ಅನಿಲ ಇಲ್ಲದ ಕಡೆ ಇದೆ ಅಲ್ವಾ? 2006ರಲ್ಲಿ ಪ್ರಕಟವಾದ ಈ ನಕ್ಷೆಯನ್ನು ಡಾರ್ಕ್ ಮ್ಯಾಟರ್‌ಗೆ ಸಿಕ್ಕ ಅತ್ಯಂತ ಗಟ್ಟಿ ಸಾಕ್ಷಿಗಳಲ್ಲಿ ಒಂದೆಂದು ನಾನು ಭಾವಿಸುತ್ತೇನೆ.

ನಕ್ಷೆಗೂ ಒಂದು ಪರೀಕ್ಷೆ

2014ರ ನವೆಂಬರ್‌ನಲ್ಲಿ ಮ್ಯಾಕ್ಸ್ ಜೆ1149 ಎಂಬ ಗುಂಪಿನ ಹಿಂದೆ ಸ್ಫೋಟಿಸಿದ ಒಂದೇ ನಕ್ಷತ್ರ ನಾಲ್ಕು ಕಡೆ ಕಾಣಿಸಿತು. ಅದಕ್ಕೆ ಸೂಪರ್‌ನೋವಾ ರೆಫ್ಸ್‌ಡಾಲ್ ಎಂದು ಹೆಸರಿಟ್ಟರು. ಬೇರೆ ಬೇರೆ ತಂಡಗಳು ತಮ್ಮ ತೂಕದ ನಕ್ಷೆ ಹಿಡಿದು, ಅದೇ ಸ್ಫೋಟ ಇನ್ನೊಂದು ಜಾಗದಲ್ಲಿ ಮತ್ತೆ ಕಾಣುತ್ತದೆ ಎಂದು ಮುಂಚೆಯೇ ಬರೆದಿಟ್ಟವು. ಬೆಳಕು ಉದ್ದನೆಯ ದಾರಿ ಹಿಡಿದದ್ದರಿಂದ ತಡವಾಗಿ ಬರಬೇಕಿತ್ತು. 2015ರ ಡಿಸೆಂಬರ್‌ನಲ್ಲಿ ಹಬಲ್ ಅಲ್ಲಿ ನೋಡಿದಾಗ ಹೇಳಿದ ಜಾಗದಲ್ಲೇ ಹೊಸ ಚುಕ್ಕಿ ಇತ್ತು.

ನಿಮ್ಮ ನಕ್ಷೆಯನ್ನೂ ಹೀಗೇ ಪರೀಕ್ಷಿಸಿ. ಒಂದು ಜೋಡಿಯನ್ನು ಬೇಕೆಂದೇ ಲೆಕ್ಕದಿಂದ ಹೊರಗಿಡಿ. ಉಳಿದವುಗಳಿಂದ ಮಾಡಿದ ನಕ್ಷೆ ಅದರ ಜಾಗ ಸರಿಯಾಗಿ ಹೇಳುತ್ತದೆಯೇ ನೋಡಿ. ನಂತರ ಹಬಲ್‌ನ ಫ್ರಾಂಟಿಯರ್ ಫೀಲ್ಡ್ಸ್ ಯೋಜನೆಯ ಆರು ಗುಂಪುಗಳಿಗೆ ಹಲವು ತಂಡಗಳು ಮಾಡಿಟ್ಟ ನಕ್ಷೆಗಳನ್ನು ಇಳಿಸಿಕೊಳ್ಳಿ, ಅವೂ ಉಚಿತ. ಅಬೆಲ್ 370 ಅದರಲ್ಲಿದೆ. ನಿಮ್ಮದನ್ನು ಪಕ್ಕಕ್ಕಿಟ್ಟು, ಎಲ್ಲರ ನಕ್ಷೆ ಎಲ್ಲಿ ಒಂದೇ ಆಗಿದೆ, ಎಲ್ಲಿ ಬೇರೆಯಾಗಿದೆ ಎಂದು ಗುರುತು ಹಾಕಿ. ಬೇರೆಯಾದ ಜಾಗಗಳಲ್ಲಿ ಜೋಡಿಗಳು ಕಡಿಮೆ ಇವೆಯೇ ನೋಡಿ, ಇದ್ದರೆ ಅಲ್ಲಿಂದಲೇ ಹುಡುಕಾಟ ಮುಂದುವರಿಸಿ.