ಜವಾರಿ ಹತ್ತಿಯ ಬೀಜ ಉಳಿಸುವವರಿಗೆ

ರಾಯಚೂರು ಸೀಮೆಯ ಎರೆ ಹೊಲಗಳಲ್ಲಿ ಜವಾರಿ ಹತ್ತಿಯ ಬೀಜವನ್ನು ತಾವೇ ಉಳಿಸಿಕೊಳ್ಳುವವರು ಪಕ್ಕದ ಹೊಲದ ಬಿಟಿ ಹತ್ತಿಯ ಪರಾಗದಿಂದ ತಳಿ ಕೆಡುತ್ತದೆಂದು ಹೆದರಬೇಕಾಗಿಲ್ಲ. ಜಯಧರದಂತಹ ಜವಾರಿ ಹತ್ತಿಯಲ್ಲಿ 26 ವರ್ಣತಂತುಗಳಿದ್ದು ಬಿಟಿ ಹತ್ತಿಯಲ್ಲಿ 52 ಇರುವುದರಿಂದ, ಜೇನುನೊಣ ಪರಾಗ ಹೊತ್ತು ತಂದರೂ ಕಟ್ಟಿದ ಎಳೆಗಾಯಿ ಸಾಮಾನ್ಯವಾಗಿ ಉದುರಿಹೋಗುತ್ತದೆ. ಅಪರೂಪಕ್ಕೆ ಬೀಜ ಬಲಿತು ಮೊಳೆತರೂ ಅದು 39 ವರ್ಣತಂತುಗಳ ಗೊಡ್ಡು ಗಿಡವಾಗುತ್ತದೆ.

ನಿಜವಾದ ಎಚ್ಚರ ಬೇಕಿರುವುದು ಎರಡು ಬಗೆಯ ಜವಾರಿ ಹತ್ತಿಯನ್ನು ಅಕ್ಕಪಕ್ಕ ಬಿತ್ತಿದಾಗ. ಅವುಗಳ ಪ್ರಭೇದ ಬೇರೆಯಾಗಿದ್ದರೂ ಸುಲಭವಾಗಿ ಬೆರೆಯುತ್ತವೆ, ಮೊದಲ ಪೀಳಿಗೆ ಸೊಂಪಾಗಿಯೇ ಬೆಳೆಯುತ್ತದೆ (ಮೋಸ ಹೋಗುವುದು ಇಲ್ಲಿಯೇ), ಮುಂದಿನ ಪೀಳಿಗೆಯಲ್ಲಿ ಬಡಕಲು ಗಿಡಗಳು ಹೊರಬೀಳುತ್ತವೆ. 52 ವರ್ಣತಂತುಗಳ ಗುಂಪಿನ ಎರಡು ಪ್ರಭೇದಗಳೂ ಹೀಗೆಯೇ ಕೂಡಬಲ್ಲವು. 1972ರ ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿ ಹುಟ್ಟಿದ್ದು ಅಂತಹ ಸಂಕರದಿಂದಲೇ.

ಆದ್ದರಿಂದ ಬೀಜಕ್ಕೆಂದು ಆರಿಸಿದ ಗಿಡಗಳಲ್ಲಿ, ಮರುದಿನ ಅರಳಲಿರುವ, ದಳದ ತುದಿ ಹೊರಚಾಚಿದ ಮೊಗ್ಗುಗಳನ್ನು ಸಂಜೆಯೇ ಗುರುತಿಸಿ, ಹೂ ಅರಳಿ ಬೇರೆ ಪರಾಗ ಒಳಹೋಗದಂತೆ ಆ ತುದಿಗೆ ಹಸಿ ಜೇಡಿಮಣ್ಣು ಮೆತ್ತಿರಿ ಅಥವಾ ದಾರ ಕಟ್ಟಿರಿ. ತೊಟ್ಟಿಗೂ ಬಣ್ಣದ ದಾರವಿದ್ದರೆ ಬಿಡಿಸುವಾಗ ಆ ಕಾಯಿಗಳು ತಪ್ಪುವುದಿಲ್ಲ. ಆ ಹತ್ತಿಯನ್ನು ಜಿನ್ನಿಂಗ್ ಮಿಲ್ಲಿಗೆ ಕಳಿಸದೆ ಮನೆಯಲ್ಲೇ ಕೈಯಿಂದ ಬೀಜ ಬಿಡಿಸಿಕೊಳ್ಳಿ. ಪರಾಗಕ್ಕಿಂತ ಯಂತ್ರದಲ್ಲಿ ಉಳಿದ ಬೇರೆ ಬೀಜವೇ ತಳಿಯನ್ನು ಬೇಗ ಬೆರೆಸಿಬಿಡುತ್ತದೆ.